ಎಮ್ಮೆ ಬಿಟ್ಟು ಸರ್ಟಿಫಿಕೇಟ್ ತಂದ ಮೇಸ್ತ್ರಿ

ನಮ್ಮ ಮನೆದೇವರ ಮೇಲೆ ಆಣೆಯಿಟ್ಟು ಹೇಳುತ್ತೇನೆ, ಇಲ್ಲಿ ಬರೆದಿರುವುದು ಅಕ್ಷರ ಅಕ್ಷರವೂ ನಿಜ. ಬೇರೆಯವರಿಗೆ ಹತ್ತು ವರ್ಷಕ್ಕೊಮ್ಮೆ ಆಗುವಂಥದ್ದು ನನಗೆ ವಾರಕ್ಕೆರಡು ಸಲ ಆಗುತ್ತದೆ. ನಾನೇನು ಮಾಡಲಿ? ವಯನಾಡಿನ ಕಾಟಿಕುಳಂ ಸುತ್ತಮುತ್ತ ಕಟ್ಟಡದ ಕೆಲಸಕ್ಕೆ ನನ್ನಂಥ ಮೇಸ್ತ್ರಿ ಇನ್ನೊಬ್ಬನಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಎಲ್ಲರೂ ಹೇಳುತ್ತಾರೆ. ಅವರು ಮರೆತಾಗ ಮಾತ್ರ ನಾನು ನೆನಪಿಸುತ್ತೇನೆ.

ಎಮ್ಮೆಯೋ ಕಾಗದವೋ

ತೋಲ್ಪೆಟ್ಟಿ ಹತ್ತಿರ ಒಂದು ಹೋಂಸ್ಟೇ ಕಟ್ಟುತ್ತಿದ್ದೆವು. ಗುತ್ತಿಗೆ ನನ್ನ ಅಕ್ಕನ ಮಗನದು, ಮೇಸ್ತ್ರಿ ನಾನು. ಮಾಲೀಕರು ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದು ಬಂದವರು. ಒಂದು ದಿನ ಗೋಡೆ ನೋಡಿದರು, ನನ್ನನ್ನು ನೋಡಿದರು, "ಇವರಿಗೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಇದೆಯಾ?" ಎಂದರು.

ಮೂವತ್ತು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಕೈಯಲ್ಲಿದ್ದ ಕರಣೆ ಕೆಳಗೆ ಬಿತ್ತು.

ಅಳಿಯ ನನ್ನನ್ನು ಪಕ್ಕಕ್ಕೆ ಕರೆದ. "ಮಾವಾ, ಸರ್ಟಿಫಿಕೇಟ್ ಇಲ್ಲದಿದ್ದರೆ ಮುಂದಿನ ಸೈಟಿಗೆ ಕಲ್ಪೆಟ್ಟದಿಂದ ಯಾರನ್ನಾದರೂ ಕರೆಸು ಅಂತಿದ್ದಾರೆ. ನನ್ನ ಕೈಲಿ ಏನೂ ಇಲ್ಲ."

ಕೋರ್ಸು, ಪರೀಕ್ಷೆ ಎಲ್ಲ ಸೇರಿದರೆ ಹಾಲು ಕರೆಯುವ ಒಂದು ಎಮ್ಮೆಯ ಬೆಲೆ. ಎಮ್ಮೆಗೆಂದೇ ಹೆಂಡತಿ ಕೂಡಿಟ್ಟಿದ್ದ ದುಡ್ಡೂ ಅಷ್ಟೇ ಇತ್ತು.

"ಎಮ್ಮೆ ದಿನಕ್ಕೆ ಎರಡು ಹೊತ್ತು ಹಾಲು ಕೊಡುತ್ತೆ. ನಿಮ್ಮ ಕಾಗದ ಏನು ಕೊಡುತ್ತೆ?" ಎಂದಳು.

"ಮರ್ಯಾದೆ," ಎಂದೆ.

"ಆಗಲಿ. ನಾಳೆಯಿಂದ ಕಾಫಿಗೆ ಅದನ್ನೇ ಹಾಕಿಕೊಡ್ತೀನಿ."

ಮನೆತನದ ಕಸುಬು

ಅರ್ಜಿಯಲ್ಲಿ ಕೇಳಿದ್ದರು: ನೀವು ಮುಂದೆ ನಿಂತು ನಡೆಸಿದ ಕೆಲಸಗಳು ಯಾವುವು, ಎಷ್ಟು ಗಂಟೆ? ನಾನು ಸಂಕೋಚ ಪಡುವ ಆಸಾಮಿಯಲ್ಲ. ಚೇಕಾಡಿಯ ಭತ್ತದ ಕಣಜ, ತೃಶ್ಶಿಲೇರಿಯ ಬಾವಿ, ಆನೆ ಕಂದಕ, ಮೂವರು ತಂಗಿಯರ ಮದುವೆ, ಎಲ್ಲ ಬರೆದು ಕಳಿಸಿದೆ.

ಎರಡು ದಿನ ಬಿಟ್ಟು ಕೋರ್ಸಿನ ಆಫೀಸಿನಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಪಾಪ, ಗಾಬರಿಯಾಗಿದ್ದಳು. "ಸರ್, ನೀವು ಕೊಟ್ಟ ಗಂಟೆಗಳನ್ನೆಲ್ಲ ಕೂಡಿಸಿದೆ. ಆ ಲೆಕ್ಕದಲ್ಲಿ ನೀವು ಹುಟ್ಟುವುದಕ್ಕೆ ನಾಲ್ಕು ವರ್ಷ ಮುಂಚೆಯೇ ಕೆಲಸ ಶುರುಮಾಡಿರಬೇಕು."

"ಹೌದಮ್ಮ," ಎಂದೆ. "ನಮ್ಮದು ಮನೆತನದ ಕಸುಬು."

ಮಾಳದ ಮೇಲಿನ ಪಾಠ

ಮೊದಲ ತಿಂಗಳು ಪಾಠವೆಲ್ಲ ಫೋನಿನಲ್ಲಿ. ನಮ್ಮ ಮನೆ ಹತ್ತಿರ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಕಡೆ, ಗದ್ದೆ ಕಾಯಲು ಮರದ ಮೇಲೆ ಕಟ್ಟಿದ ಮಾಳದಲ್ಲಿ. ದಿನಾ ಸಂಜೆ ನಾಲ್ಕಕ್ಕೆ ಏಣಿ ಹತ್ತಿ ವಿದ್ಯಾರ್ಥಿಯಾಗುತ್ತಿದ್ದೆ.

ಮೇಡಂ ಒಂದು ದಿನ ಸ್ಟೇಕ್‌ಹೋಲ್ಡರ್ ಅಂದರೆ ಯಾರು ಅಂತ ಹೇಳಿಕೊಟ್ಟರು. ನಮ್ಮ ಕೆಲಸದಿಂದ ಲಾಭವೋ ನಷ್ಟವೋ ಆಗುವವರು, ನಡುವೆ ಬಂದು ಕೈಹಾಕುವ ಹಕ್ಕಿದೆ ಅಂತ ತಿಳಿದವರು. ಮಾರನೇ ದಿನ ರಿಸ್ಕಿನ ಪಾಠ. "ನಿಮ್ಮ ಕೆಲಸದಲ್ಲಿ ಏನೇನು ಅಪಾಯ ಬರಬಹುದು?" ಅಂತ ಕೇಳಿದರು. ಬೇರೆಯವರು ಮಳೆ, ಸಿಮೆಂಟಿನ ರೇಟು ಅಂದರು. ನಾನು ಆನೆ ಅಂದೆ.

ಮೇಡಂ ನಕ್ಕರು. "ಸರ್, ನಿಜವಾಗಿ ಆಗುವಂಥದ್ದು ಹೇಳಿ."

ನಾನು ಫೋನನ್ನು ಮೆಲ್ಲಗೆ ಕೆಳಗೆ ತಿರುಗಿಸಿದೆ. ಮಾಳದ ಬುಡಕ್ಕೇ ಬೆನ್ನು ಉಜ್ಜುತ್ತಾ ನಿಂತಿತ್ತು, ಒಂಟಿ ದಂತದ ಆನೆ. ಫೋನಿನೊಳಗೆ ಇಪ್ಪತ್ತು ಜನ ಒಟ್ಟಿಗೆ ಕಿರುಚಿದರು.

"ಸರ್! ಅದು ರಿಸ್ಕು! ಬರೆದುಕೊಳ್ಳಿ, ಅದೇ ಮೊದಲನೇ ರಿಸ್ಕು!" ಮೇಡಂ ದನಿ ನಡುಗುತ್ತಿತ್ತು.

"ಇಲ್ಲ ಮೇಡಂ," ಎಂದೆ ಮಾಳದ ಜೊತೆ ಅಲ್ಲಾಡುತ್ತಾ, "ಗದ್ದೆ ತನ್ನದೂ ಹೌದು ಅಂತ ಅದು ತಿಳಿದುಕೊಂಡಿದೆ. ನೀವು ನಿನ್ನೆ ಹೇಳಿಕೊಟ್ಟ ಪ್ರಕಾರ ಇದು ಸ್ಟೇಕ್‌ಹೋಲ್ಡರು."

ಗಾರ್ಡಿನ ಕುರ್ಚಿ

ಕೊನೆಯ ಹನ್ನೆರಡು ದಿನದ ಪಾಠ, ಪರೀಕ್ಷೆ ಎರಡೂ ಕಲ್ಲಿಕೋಟೆಯಲ್ಲಿ. ಪರೀಕ್ಷೆಯ ಬಾಗಿಲಲ್ಲಿ ಗಾರ್ಡು ಜೇಬು ಖಾಲಿ ಮಾಡಿಸಿದ. ಅಳತೆ ಟೇಪು, ಮೊಳೆ, ಅಡಿಕೆ ಚೂರು, ಕೊನೆಗೆ ದಾರ ಕಟ್ಟಿದ ಹಿತ್ತಾಳೆ ತೂಕದ ಗುಂಡು ಹೊರಗೆ ಬಂತು. ಗುಂಡು ನೋಡಿ ಅವನು ಎರಡು ಹೆಜ್ಜೆ ಹಿಂದೆ ಹಾರಿದ.

"ಗೋಡೆ ನೆಟ್ಟಗಿದೆಯಾ ಅಂತ ನೋಡೋದು ಕಣಯ್ಯ," ಅಂತ ಅಲ್ಲೇ ಗೋಡೆಗೆ ಇಳಿಬಿಟ್ಟು ತೋರಿಸಿದೆ. ಗೋಡೆ ಎರಡು ಬೆರಳು ವಾಲಿತ್ತು.

ಗಾರ್ಡಿನ ಮುಖ ಬಿಳಿಚಿಕೊಂಡಿತು. ನನಗೆ ಒಳಗೆ ಹೋಗಿ ಅಂದವನೇ ತನ್ನ ಕುರ್ಚಿ ಎತ್ತಿಕೊಂಡು ರಸ್ತೆಯ ಆಚೆ ಹೋಗಿ ಕೂತ. ನಾನು ಪಾಸಾಗಿ ಹೊರಗೆ ಬಂದಾಗಲೂ ಅಲ್ಲೇ ಇದ್ದ.

ಹನ್ನೆರಡು ದಿನ

ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ಸೀದಾ ಸೈಟಿಗೆ ಬಂದೆ. ಹೊರಡುವಾಗ ಚಾವಣಿ, ನೆಲ, ಬಣ್ಣ ಎಲ್ಲ ಬಾಕಿಯಿತ್ತು. ನನ್ನ ಹೊಸ ವಿದ್ಯೆ ಹಾಕಿ ಬಸ್ಸಿನಲ್ಲೇ ಲೆಕ್ಕ ಮಾಡಿದ್ದೆ: ಇನ್ನು ನಲವತ್ತು ದಿನ, ಒಂದು ದಿನ ಕಮ್ಮಿ ಅಂದರೂ ಆಗದು.

ಬಂದು ನೋಡಿದರೆ ಮಾಲೀಕರು ಜಗುಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾರೆ. ತಲೆಯ ಮೇಲೆ ಹೆಂಚು, ಕಾಲಡಿ ಕೆಂಪು ನೆಲ, ಗೋಡೆಗೆ ಬಣ್ಣ. ಕೆಲಸ ಮುಗಿದಿದೆ! ಬೇರೆ ಯಾರದ್ದೋ ಸೈಟಿಗೆ ಬಂದೆನಾ ಅಂತ ಗೇಟಿನ ತನಕ ವಾಪಸು ಹೋಗಿ ನೋಡಿ ಬಂದೆ.

ಕೆಲಸದ ಹೆಂಗಸರಿಗೆಲ್ಲ ಮುಂದಾಳು ಚೇಕಾಡಿಯ ಒಬ್ಬಾಕೆ. ನಾವೆಲ್ಲ ಚೇಚಿ ಅಂತೀವಿ, ಮಲಯಾಳದಲ್ಲಿ ಅಕ್ಕ ಅಂತ. "ಏನು ಚೇಚಿ ಇದು? ಹೆಂಗಾಯ್ತು?" ಎಂದೆ.

"ನಾಟಿ ಮಾಡೋ ಹಂಗೇ ಮಾಡಿದ್ವಿ ಮೇಸ್ತ್ರಿ. ಸಾಲು ಹಿಡಿದ ಮೇಲೆ ಗದ್ದೆ ಮುಗಿಯೋ ತನಕ ಬದು ಹತ್ತೋ ಹಂಗಿಲ್ಲ."

"ನಾನಿದ್ದಾಗ ಯಾಕೆ ಹಂಗೆ ಮಾಡ್ಲಿಲ್ಲ?"

ಚೇಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನೀವಿದ್ರೆ ಬೆಳಗ್ಗೆ ಬಾವಿ ತೋಡಿದ ಕತೆ, ಊಟ ಆದ್ಮೇಲೆ ಆನೆ ಕಂದಕದ ಕತೆ. ಕೇಳದೆ ಎದ್ದು ಹೋದ್ರೆ ನೀವು ಬೇಜಾರಾಗ್ತೀರಿ. ಈ ಹನ್ನೆರಡು ದಿನ ಕತೆ ಇರ್ಲಿಲ್ಲ ನೋಡಿ."

ನನ್ನ ಅನ್ನ ಹೋಯಿತು ಅಂದುಕೊಂಡೆ. ಮಾಲೀಕರು ಫ್ರೇಮು ಇಸಕೊಂಡು ಮೇಲಿಂದ ಕೆಳಗೆ ಓದಿದರು. ಆಮೇಲೆ ಎದ್ದುನಿಂತು ನನ್ನ ಕೈ ಕುಲುಕಿದರು! "ನೋಡಿದಿರಾ? ಇವರು ಸರ್ಟಿಫಿಕೇಟಿಗೆ ಅಂತ ಹೊರಟಿದ್ದೇ ತಡ, ಕೆಲಸ ಮುಗಿಯಿತು. ದುಡ್ಡಿಗೆ ಮೋಸವಿಲ್ಲ. ಮುಂದಿನ ಸೈಟಿಗೂ ಇವರೇ ಇರಲಿ."

ಅಳಿಯನ ಕಣ್ಣಲ್ಲಿ ನೀರು. ನನ್ನ ಹೆಗಲ ಮೇಲೆ ಕೈಹಾಕಿ, "ಮಾವಾ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇದೆಯಂತೆ, ಆರು ತಿಂಗಳ ಕೋರ್ಸು," ಎಂದ. "ನಾಳೆ ಪಾಯ ತೆಗೆಯೋಕೆ ಮುಂಚೆ ಹೊರಟುಬಿಡಿ. ಫೀಸು ನಾನು ಕಟ್ತೀನಿ, ಅತ್ತೆಗೆ ಎಮ್ಮೆನೂ ನಾನೇ ಕೊಡಿಸ್ತೀನಿ!"

ಇದರಲ್ಲಿ ಒಂದೇ ಒಂದು ಸಣ್ಣ ವಿಷಯ ನಾನು ಸೇರಿಸಿದ್ದು, ಒಪ್ಪಿಕೊಳ್ಳುತ್ತೇನೆ. ಕೆಲಸ ಪೂರ್ತಿ ಮುಗಿದಿತ್ತು ಅಂದೆನಲ್ಲ, ಮುಗಿದಿರಲಿಲ್ಲ. ಬಚ್ಚಲಮನೆ ಬಾಗಿಲಿನ ಚಿಲಕವೊಂದನ್ನು ನನ್ನ ಮರ್ಯಾದೆಗೆ ಅಂತ ಚೇಚಿ ಉಳಿಸಿಟ್ಟಿದ್ದಳು. ಅದನ್ನು ನಾನೇ ನನ್ನ ಕೈಯಾರೆ ಹಾಕಿದೆ. ಅದು ಹೊರಗಡೆಯಿಂದ ಮಾತ್ರ ಹಾಕಿಕೊಳ್ಳುತ್ತದೆ.