ಓವರ್‌ಲೋಡ್ ಆದ ಪಿಂಚಣಿ

ಸುಸ್ತಾಗಿದೆ. ಯಾರಾದರೂ 'ಹೇಗಿದ್ದೀರಿ' ಎಂದು ಕೇಳಿದರೆ ಇತ್ತೀಚೆಗೆ ನಾನು ಕೊಡುವ ಉತ್ತರ ಇಷ್ಟೇ. ಮೂವತ್ತಮೂರು ವರ್ಷಗಳಿಂದ ಲಿಫ್ಟ್ ರಿಪೇರಿ ಮಾಡುತ್ತಿರುವವನು ನಾನು. ಲಿಫ್ಟಿನವನಿಗೆ ಮೆಟ್ಟಿಲಿನ ಕಷ್ಟವೇ ಇಲ್ಲ ಎಂದು ಜನ ತಿಳಿದಿದ್ದಾರೆ. ಸ್ವಾಮಿ, ನನ್ನನ್ನು ಕರೆಯುವುದೇ ಲಿಫ್ಟ್ ಕೆಟ್ಟಾಗ! ಯಂತ್ರದ ಕೋಣೆ ಇರುವುದು ಕಟ್ಟಡದ ನೆತ್ತಿಯ ಮೇಲೆ. ಹನ್ನೊಂದು ಮಹಡಿ, ಕೈಯಲ್ಲಿ ಹದಿನಾಲ್ಕು ಕಿಲೋ ತೂಗುವ ಸಲಕರಣೆ ಪೆಟ್ಟಿಗೆ, ಸಾಲದ್ದಕ್ಕೆ ಪ್ರತಿ ಮಹಡಿಯಲ್ಲೂ ಬಾಗಿಲು ಅರ್ಧ ತೆರೆದು 'ಇನ್ನೂ ಎಷ್ಟು ಹೊತ್ತಾಗುತ್ತೆ?' ಎಂದು ವಿಚಾರಿಸುವ ಒಬ್ಬ ಮಹನೀಯ. ನನ್ನ ಮಂಡಿಗಳು ಈಗ ನನಗಿಂತ ಹೆಚ್ಚು ಮಾತಾಡುತ್ತವೆ.

ಹೀಗಿರುವಾಗ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಐವತ್ತೆಂಟಕ್ಕೇ ಕೆಲಸ ಬಿಟ್ಟು ಮನೆಯಲ್ಲಿ ಕೂತ. ಕೂತವನು ತೆಪ್ಪಗೆ ಕೂರಬೇಕೋ ಬೇಡವೋ? ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ನಾನು ಲಿಫ್ಟಿನ ಡಬ್ಬಿಯ ಮೇಲೆ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಕುಕ್ಕರುಗಾಲಲ್ಲಿ ಕೂತಿರುವ ಹೊತ್ತಿಗೆ ಸರಿಯಾಗಿ, ಅವನ ಫೋನು.

"ಏನಣ್ಣಾ, ಕೆಲ್ಸಾನಾ? ಪಾಪ. ನಾನು ಈಗ್ತಾನೇ ಎದ್ದೆ. ಇವತ್ತು ಏನು ವಾರ ಅಣ್ಣಾ?"

ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಧಗಧಗ ಉರಿಯಿತು. ನಮ್ಮ ಕಂಪನಿಯಲ್ಲಿ ನಿವೃತ್ತಿ ಅರವತ್ತಕ್ಕೆ, ಬೇಕೆಂದವರು ಮುಂದುವರಿಯಲೂಬಹುದು. ನನಗೆ ಐವತ್ತೆಂಟು ತುಂಬಲು ಎಂಟು ತಿಂಗಳಿತ್ತು. ನಾನೂ ಐವತ್ತೆಂಟಕ್ಕೇ ಕೆಲಸ ಬಿಡುತ್ತೇನೆ, ಹನ್ನೊಂದು ಗಂಟೆಗೆ ಎದ್ದು 'ಇವತ್ತು ಏನು ವಾರ' ಎಂದು ಕೇಳುತ್ತೇನೆ ಎಂದು ಲಿಫ್ಟ್ ಓಡಾಡುವ ಆ ಬಾವಿಯಲ್ಲೇ ಭೀಷಣ ಶಪಥ ಮಾಡಿದೆ. (ಬಾವಿ ಪ್ರತಿಧ್ವನಿಸಿತು. ಮೂರನೇ ಮಹಡಿಯವರು 'ಯಾರಾದರೂ ಸಿಕ್ಕಿಹಾಕಿಕೊಂಡಿದ್ದಾರಾ' ಎಂದು ಬಾಗಿಲು ಬಡಿದರು.)

ಅಪ್ಪ ನನಗೆ ಬಿಟ್ಟುಹೋದ ಒಂದು ಹಳೆಯ ಗ್ಯಾರೇಜು ಅದೇ ತಿಂಗಳು ಒಳ್ಳೆಯ ಬೆಲೆಗೆ ಮಾರಾಟವಾಗಿತ್ತು. ಅಷ್ಟೂ ಹಣವನ್ನು ಒಂದೇ ಏಟಿಗೆ ನನ್ನ ವೈಯಕ್ತಿಕ ಪಿಂಚಣಿ ಖಾತೆಗೆ ತುಂಬಿದರೆ? ಪಿಂಚಣಿಗೆ ತುಂಬಿದ ಹಣಕ್ಕೆ ತೆರಿಗೆ ವಿನಾಯಿತಿ. ಖಾತೆಯೂ ಕೊಬ್ಬುತ್ತದೆ, ತೆರಿಗೆಯೂ ಉಳಿಯುತ್ತದೆ, ನಾನೂ ಮನೆಗೆ ಬರುತ್ತೇನೆ. ಇಷ್ಟು ಸರಳವಾದ ವಿಷಯ ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅರ್ಜಿ ಹರಡಿಕೊಂಡು ಕೂತೆ. ನನ್ನವಳು ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಇಪ್ಪತ್ತೊಂಬತ್ತು ವರ್ಷ ಹಬೆಯಲ್ಲಿ ನಿಂತು ನಿಂತು, ಯಾವ ವಿಷಯದಲ್ಲೂ ನೀರಿಳಿಸುವ ಶಕ್ತಿ ಸಂಪಾದಿಸಿದ್ದಾಳೆ. ಕನ್ನಡಕ ಏರಿಸಿ ಅರ್ಜಿಯನ್ನು ಎತ್ತಿಕೊಂಡಳು.

"ರೀ, ಇಲ್ಲಿ ಈ ವರ್ಷದ ಮಿತಿ ಅಂತ ಬರ್ದಿದಾರೆ. ದುಡಿದಿದ್ರಲ್ಲಿ ಐದನೇ ಒಂದು ಪಾಲು. ನೀವು ತುಂಬ್ತಿರೋದು ಅದರ ನಾಲ್ಕರಷ್ಟು."

"ಮಿತಿ ಅಂತ ಬರ್ದಿದ್ದೆಲ್ಲ ಮಿತಿ ಅಲ್ಲ ಕಣೇ," ಎಂದೆ. "ಲಿಫ್ಟಲ್ಲಿ ಎಂಟು ಜನ ಅಂತ ಫಲಕ ಇರುತ್ತಲ್ಲ, ಆ ಹಗ್ಗ ಎಷ್ಟು ಜನರನ್ನ ಎತ್ತುತ್ತೆ ಗೊತ್ತಾ? ಎಂಬತ್ತು! ಬರೆಯೋರು ಯಾವತ್ತೂ ಕಮ್ಮಿ ಬರೀತಾರೆ. ಜನಕ್ಕೆ ಹೆದರಿಕೆ ಇರ್ಲಿ ಅಂತ."

"ಹಾಗಾದ್ರೆ ಒಂಬತ್ತನೆಯವನು ಹತ್ತಿದ ತಕ್ಷಣ ಅದು ಯಾಕೆ ಅರಚಿಕೊಳ್ಳುತ್ತೆ?"

"ಅರಚುತ್ತೆ ಅಷ್ಟೇ. ಬೀಳಲ್ಲ."

"ನನ್ನ ಮೆಷಿನ್ನಿಗೆ ಐವತ್ತು ಕಿಲೋ ಅಂದ್ರೆ ನಾನು ಐವತ್ತೇ ಹಾಕೋದು. ಅರವತ್ತು ಹಾಕಿದ್ರೆ ಮೆಷಿನ್ ಏನೂ ಮುರಿಯಲ್ಲ. ಬಟ್ಟೆ ಒಗೆಯಲ್ಲ, ಬರೀ ಒದ್ದೆ ಆಗುತ್ತೆ. ಆಮೇಲೆ ಅಷ್ಟನ್ನೂ ಎರಡನೇ ಸಲ ಹಾಕ್ಬೇಕು."

"ಬಟ್ಟೆ ಒಗೆಯೋದಕ್ಕೂ ಪಿಂಚಣಿಗೂ ಏನೇ ಸಂಬಂಧ?"

"ಲಿಫ್ಟಿಗೂ ಪಿಂಚಣಿಗೂ ಇರೋ ಸಂಬಂಧಾನೇ. ಒಂದು ಫೋನ್ ಮಾಡಿ ಕೇಳಿ ಅಂತೀನಿ, ಅಷ್ಟೇ. ನಾನು ತಿಂಗಳು ತಿಂಗಳು ಚೂರು ಹಾಕೋಳು, ನಾನೇ ವರ್ಷಕ್ಕೆರಡು ಸಲ ಕೇಳ್ತೀನಿ."

ಕೇಳುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಮೂವತ್ತಮೂರು ವರ್ಷ ಅವರಿವರ ಮಿತಿಯ ಫಲಕಗಳಿಗೆ ಸ್ಕ್ರೂ ಹೊಡೆದವನು ಮಿತಿ ಎಂದರೇನು ಎಂದು ಇನ್ನೊಬ್ಬರನ್ನು ಕೇಳಬೇಕೇ? ಮರುದಿನವೇ ಹಣ ತುಂಬಿದೆ. ಅದೇ ಉತ್ಸಾಹದಲ್ಲಿ, ಐವತ್ತೆಂಟು ತುಂಬುವ ದಿನ ಬಿಡುತ್ತೇನೆಂದು ರಾಜೀನಾಮೆಯನ್ನೂ ಬರೆದೆ. 'ಕರ್ತವ್ಯದ ಭಾರದಿಂದ ಬಿಡುಗಡೆ ಹೊಂದಲು ಮನಸ್ಸು ತವಕಿಸುತ್ತಿರುವುದರಿಂದ' ಎಂದು ಶುರುವಾಗುವ ಒಂದೂವರೆ ಪುಟದ ಆ ಪತ್ರ ಓದಿ ಮ್ಯಾನೇಜರು ನನಗೆ ಜ್ವರವಿದೆಯೇ ಎಂದು ವಿಚಾರಿಸಿದರು.

ಏಳು ವಾರ ಸುಖವಾಗಿ ಕಳೆದವು. ಎಂಟನೇ ವಾರ ತೆರಿಗೆ ಕಚೇರಿಯಿಂದ ಕಂದು ಬಣ್ಣದ ಲಕೋಟೆ ಬಂತು. ತೆರೆದು ಓದಿದೆ. ಅರ್ಥವಾಗಲಿಲ್ಲ. ಇನ್ನೊಮ್ಮೆ ಓದಿದೆ. ಈ ಸಲ ಅರ್ಥವಾಯಿತು, ಆಗದಿದ್ದರೇ ಚೆನ್ನಾಗಿತ್ತು. 'ಮಿತಿಗಿಂತ ಹೆಚ್ಚಾಗಿ ತುಂಬಿದ ಮೊತ್ತಕ್ಕೆ ವಿನಾಯಿತಿ ಇರುವುದಿಲ್ಲ. ಅದು ಖಾತೆಯಲ್ಲಿರುವಷ್ಟು ಕಾಲ ತಿಂಗಳಿಗೆ ನೂರಕ್ಕೆ ಒಂದರಂತೆ ದಂಡ ತೆರಿಗೆ.' ನನ್ನವಳು ಕಾಗದ ಇಸಿದುಕೊಂಡು ಓದಿ, ಮಡಚಿ, ಲಕೋಟೆಗೆ ವಾಪಸು ಹಾಕಿದಳು. 'ನಾನು ಅವತ್ತೇ ಹೇಳಿದ್ದೆ' ಎನ್ನಲಿಲ್ಲ. ಮದುವೆಯಾಗಿ ಮೂವತ್ತು ವರ್ಷಕ್ಕೆ ಮೊದಲ ಸಲ ಅನ್ನಲಿಲ್ಲ. ಅಲ್ಲಿಗೆ ಪರಿಸ್ಥಿತಿ ಕೈಮೀರಿದೆ ಎಂದು ನನಗೆ ಖಾತ್ರಿಯಾಯಿತು.

ತೆರಿಗೆ ಸಲಹೆಗಾರ್ತಿಯ ಕಚೇರಿ ಚಪ್ಪಲಿ ಅಂಗಡಿಯೊಂದರ ಮೇಲಿತ್ತು. ನಮ್ಮ ಕಣ್ಣಿಗೆ ಇನ್ನೂ ಕಾಲೇಜು ಹುಡುಗಿಯಂತಿದ್ದ ಆಕೆ ನನ್ನ ಕಾಗದಗಳನ್ನೆಲ್ಲ ಓದಿ, ಪೆನ್ಸಿಲಿನ ತುದಿಯಿಂದ ಹಣೆ ಕೆರೆದುಕೊಂಡಳು.

"ಅಂಕಲ್, ಮಿತಿ ಅಂತ ಇಷ್ಟು ದೊಡ್ಡಕ್ಷರದಲ್ಲಿ ಇದೆಯಲ್ಲ, ನೋಡ್ಲಿಲ್ವಾ?"

"ನೋಡಿದ್ರು," ಎಂದಳು ನನ್ನವಳು. "ನಂಬಲಿಲ್ಲ."

"ಹಾಗಾದ್ರೆ ಹೆಚ್ಚಾಗಿರೋದನ್ನ ವಾಪಸ್ ತೆಗೀತೀನಮ್ಮ," ಎಂದೆ ನಾನು, ದೊಡ್ಡ ಮನಸ್ಸು ಮಾಡಿ.

"ತೆಗೀಬಹುದು. ಆದ್ರೆ ತೆಗೆದಿದ್ದೆಲ್ಲ ಈ ವರ್ಷದ ಆದಾಯ ಅಂತ ಲೆಕ್ಕ. ಪೂರ್ತಿ ತೆರಿಗೆ. ಗ್ಯಾರೇಜ್ ಮಾರಿದಾಗ ಒಂದ್ಸಲ ಕಟ್ಟಿದೀರಿ, ಈಗ ಇನ್ನೊಂದ್ಸಲ."

"ಎರಡನೇ ಸಲ ಒಗೆದ ಹಾಗೆ," ಎಂದಳು ನನ್ನವಳು, ತನಗೆ ತಾನೇ.

"ಹಾಗೇ ಬಿಟ್ರೆ?"

"ತಿಂಗಳಿಗೆ ನೂರಕ್ಕೆ ಒಂದು. ನೀವು ಇರೋವರೆಗೂ."

ನಾನು ಬೆರಳು ಮಡಚಿ ತಿಂಗಳು ಎಣಿಸತೊಡಗಿದೆ. ಹುಡುಗಿಗೆ ಕನಿಕರ ಹುಟ್ಟಿರಬೇಕು. "ಮೂರನೇ ದಾರಿ ಒಂದಿದೆ ಅಂಕಲ್," ಎಂದಳು. ನಾನು ಕುರ್ಚಿಯ ತುದಿಗೆ ಸರಿದೆ. "ನೀವು ದುಡಿಯೋ ಪ್ರತಿ ವರ್ಷ ಹೊಸ ಮಿತಿ ಹುಟ್ಟುತ್ತೆ. ನಿಮ್ಮ ಹೆಚ್ಚುವರಿ ಹಣ ವರ್ಷ ವರ್ಷ ಸ್ವಲ್ಪ ಸ್ವಲ್ಪ ಆ ಮಿತಿಯೊಳಗೆ ಇಳಿದುಬಿಡುತ್ತೆ. ಕೆಲಸದಲ್ಲಿ ಇರೋವರೆಗೆ ದಂಡ ಮನ್ನಾ ಮಾಡಿಸೋಕೆ ಅರ್ಜೀನೂ ಇದೆ. ಒಂದು ರೂಪಾಯಿ ನಷ್ಟ ಇಲ್ಲ!"

"ಶಭಾಷ್!" ಎಂದೆ. ಆಮೇಲೆ ಅವಳ ಮಾತಿನ ಒಂದು ಪದ ಗಂಟಲಲ್ಲಿ ಮುಳ್ಳಿನಂತೆ ನಿಂತಿತು. "ದುಡಿಯೋ ಪ್ರತಿ ವರ್ಷ ಅಂದ್ಯಾ?"

"ಹೂಂ. ಕೆಲಸ ಬಿಟ್ರೆ ಸಂಬಳ ಇಲ್ಲ, ಸಂಬಳ ಇಲ್ದಿದ್ರೆ ಮಿತಿ ಸೊನ್ನೆ. ನಿಮ್ಮ ಕಂಪನಿ ಹಾಕೋ ಪಾಲೂ ಅದೇ ಮಿತಿಯಲ್ಲಿ ಜಾಗ ತಿನ್ನುತ್ತೆ." ಆಕೆ ಕ್ಯಾಲ್ಕುಲೇಟರ್ ಒತ್ತಿದಳು. ಒತ್ತುತ್ತಲೇ ಇದ್ದಳು. "ನಾಲ್ಕು ವರ್ಷ. ಅರವತ್ತೆರಡಕ್ಕೆ ಆರಾಮಾಗಿ ರಿಟೈರ್ ಆಗಬಹುದು."

ಗಮನಿಸಿದಿರಾ? ಏನೂ ಮಾಡದೆ ಸುಮ್ಮನಿದ್ದಿದ್ದರೆ ಅರವತ್ತಕ್ಕೆ ಮನೆಗೆ ಬರುತ್ತಿದ್ದೆ. ಐವತ್ತೆಂಟಕ್ಕೇ ಬರಬೇಕೆಂದು ಹಣ ತುಂಬಿದ್ದರಿಂದ ಅರವತ್ತೆರಡಾಯಿತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

"ಬಂದಿದ್ದೇ ಬಂದ್ವಿ, ನಂದೂ ಒಂಚೂರು ನೋಡಮ್ಮ," ಎಂದು ನನ್ನವಳು ಚೀಲದಿಂದ ತನ್ನ ತೆಳುವಾದ ಕಡತ ತೆಗೆದಳು. ಹುಡುಗಿ ಎರಡು ನಿಮಿಷದಲ್ಲಿ ನೋಡಿ ಮುಗಿಸಿದಳು.

"ಆಂಟಿ, ನಿಮ್ದು ಕನ್ನಡಿ ಹಾಗಿದೆ. ಪಿಂಚಣಿ ದೊಡ್ಡದೇನಲ್ಲ. ಇದೊಂದನ್ನೇ ನಂಬಿಕೊಂಡ್ರೆ ಕಷ್ಟ. ಆದ್ರೆ ಮನೇಲಿ ಇನ್ನೂ ನಾಲ್ಕು ವರ್ಷ ಇನ್ನೊಂದು ಸಂಬಳ ಗ್ಯಾರಂಟಿ ಬರುತ್ತಲ್ಲ. ನೀವು ಬೇಕಾದ್ರೆ ಮುಂದಿನ ತಿಂಗಳೇ ಕೆಲಸ ಬಿಡಬಹುದು."

ನನ್ನವಳು ನನ್ನ ಕಡೆ ತಿರುಗಿ ನೋಡಿದಳು. ಮೂವತ್ತು ವರ್ಷಗಳಲ್ಲಿ ಅವಳು ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ನೆನಪಿಲ್ಲ.

ರಾಜೀನಾಮೆ ವಾಪಸು ಕೇಳಲು ಹೋದಾಗ ಮ್ಯಾನೇಜರು ಆ ಪತ್ರವನ್ನೇ ಮುಂದಿಟ್ಟುಕೊಂಡರು. "ಕರ್ತವ್ಯದ ಭಾರ?" ಎಂದರು. "ಹೊರುತ್ತೇನೆ," ಎಂದೆ. "ಮನಸ್ಸು ತವಕಿಸುತ್ತಿತ್ತಲ್ಲ?" ಎಂದರು. "ನಿಂತಿದೆ," ಎಂದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಬಂದು ಕೈ ಕುಲುಕಿದರು. ನನ್ನ ಹಳೆಯ ಕಟ್ಟಡಗಳನ್ನು ಆಗಲೇ ಬೇರೆಯವರಿಗೆ ಹಂಚಿಬಿಟ್ಟಿದ್ದರಿಂದ, ಹದಿನಾಲ್ಕು ಮಹಡಿಯ ಎರಡು ಹೊಸ ಕಟ್ಟಡಗಳನ್ನು ನನ್ನ ಹೆಸರಿಗೆ ಬರೆದರು.

ನನ್ನವಳು ಕೆಲಸ ಬಿಟ್ಟಳು. ಕೊನೆಯ ದಿನ ಮನೆಗೆ ಬಂದವಳು ಹಬೆಗೆ ಬೆಂದು ಗಡುಸಾದ ತನ್ನ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡು, ಅವು ಯಾರದೋ ಎಂಬಂತೆ ಬಹಳ ಹೊತ್ತು ನೋಡುತ್ತ ಕೂತಳು. ನನಗೆ ನಿಜಕ್ಕೂ ಸಂತೋಷವಾಯಿತು. ಇಷ್ಟು ವರ್ಷ ನನ್ನ ಮಂಡಿಗಳ ಗೋಳನ್ನೇ ಹೇಳಿಕೊಂಡಿದ್ದೆ, ಆ ಕೈಗಳನ್ನು ಒಮ್ಮೆಯೂ ನೋಡಿರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. (ಈ ಉದಾತ್ತ ಭಾವನೆ ಮರುದಿನ ಬೆಳಿಗ್ಗೆ ಆರರವರೆಗೆ ಇತ್ತು. ಆರಕ್ಕೆ ನಾನು ಬೂಟು ಕಟ್ಟುತ್ತಿದ್ದಾಗ ಹೊದಿಕೆಯೊಳಗಿಂದ "ರೀ, ಬಾಗ್ಲು ಮೆಲ್ಲಗೆ ಎಳ್ಕೊಳ್ಳಿ, ನಿದ್ದೆ ಕೆಡುತ್ತೆ" ಎಂಬ ವಾಣಿ ಕೇಳಿಸಿತು.)

ಮೊನ್ನೆ ಸಂಜೆ ಇಪ್ಪತ್ತೆಂಟು ಮಹಡಿ ಹತ್ತಿಳಿದು ಮನೆಗೆ ಬಂದರೆ ಅವಳು ಎದುರು ಕುರ್ಚಿಗೆ ಕಾಲು ಚಾಚಿ ಕೂತು ಕಾಗದವೊಂದನ್ನು ಓದುತ್ತಿದ್ದಳು.

"ನಿಮ್ಮ ಕಂಪನಿಯಿಂದ ರೀ. ನೀವು ಕೆಲಸ ಬಿಡದೆ ಉಳಿದಿದ್ದಕ್ಕೆ ಮೆಚ್ಚಿ ದೊಡ್ಡ ಬೋನಸ್ ಕೊಟ್ಟಿದಾರೆ."

"ಹೌದಾ?" ದಣಿವೆಲ್ಲ ಅರ್ಧ ಇಳಿಯಿತು. "ಎಲ್ಲಿ, ಕೊಡು."

"ಕೈಗಲ್ಲ. 'ತಮಗೆ ತೆರಿಗೆ ಉಳಿಯಲೆಂಬ ಸದಾಶಯದಿಂದ ನೇರವಾಗಿ ತಮ್ಮ ಪಿಂಚಣಿ ಖಾತೆಗೇ ಜಮಾ ಮಾಡಿದ್ದೇವೆ' ಅಂತ ಬರ್ದಿದಾರೆ. ಆ ಹುಡುಗಿಗೆ ಆಗ್ಲೇ ಫೋನ್ ಮಾಡಿ ಕೇಳಿದೆ. ನೀವು ಇನ್ನೂ ಎಂಟು ತಿಂಗಳು ಜಾಸ್ತಿ ದುಡೀಬೇಕಂತೆ."

ಬೂಟು ಕೂಡ ಬಿಚ್ಚದೆ ಮ್ಯಾನೇಜರಿಗೆ ಫೋನ್ ಹಚ್ಚಿದೆ. ದಯವಿಟ್ಟು ಆ ಹಣ ವಾಪಸು ತೆಗೆದುಕೊಳ್ಳಿ ಎಂದು ಹೇಳಬೇಕಿತ್ತು. "ಸಾರ್, ಬೋನಸ್ಸು..." ಎನ್ನುವುದರೊಳಗೆ ಅಳುವೇ ಬಂದುಬಿಟ್ಟಿತು.

"ಅಯ್ಯೋ, ಇಷ್ಟಕ್ಕೆಲ್ಲ ಅಳ್ತಾರೇನ್ರೀ!" ಎಂದರು ಮ್ಯಾನೇಜರು. ಅವರ ದನಿಯೂ ಒದ್ದೆಯಾಗಿತ್ತು. "ನಿಮಗೆ ಇಷ್ಟು ಸಂತೋಷ ಆಗುತ್ತೆ ಅಂದ್ರೆ ಪ್ರತಿ ವರ್ಷವೂ ಹಾಕಿಸ್ತೀನಿ ಬಿಡಿ."