ಕೊಕ್ಕರೆಯಾದ ಮಾವ

ನಮ್ಮ ಸೋದರಮಾವ ಜೀವಮಾನದಲ್ಲಿ ಯಾರನ್ನೂ ಹೆದರಿಸಿದವರಲ್ಲ, ಮೀನುಗಳನ್ನು ಬಿಟ್ಟರೆ! ಅತ್ತೆ ಹೆದರುವ ಮಾತಂತೂ ದೂರ, ಮನೆಯ ಕೋಳಿಯೂ ಅವರ ತಟ್ಟೆಗೇ ಬಾಯಿ ಹಾಕುತ್ತದೆ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು (ಹೇಳದೆ ಇರಲಾರೆ, ಕ್ಷಮಿಸಿ). ಹಾಸ್ಟೆಲಿಗೆ ಹೊರಟ ದಿನ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಮಾವ, "ಓದು ನಡುಕ್ಕ ಬಿಟ್ಟು ಓಡಿ ಬಂದಿ ಅಂದ್ರ ಕಾಲ್ ಮುರೀತೀನಿ!" ಎಂದು ಗುಡುಗಿದರು. ಗುಡುಗುತ್ತಲೇ ಒಂದು ಚಿಪ್ಪು ಬಾಳೆಹಣ್ಣು ಕೈಗಿಟ್ಟರು. ಹೇಗೆ ಹೆದರಲಿ?

ಮಾವನ ಕಸುಬು ಮೀನುಮರಿ ಸಾಕುವುದು. ಕಂಪ್ಲಿ ಹತ್ತಿರ ಅವರದೊಂದು ಹೊಂಡವಿದೆ. ಮರಿಗಳು ಬೆರಳುದ್ದವಾದ ಮೇಲೆ ಗುತ್ತಿಗೆ ಹಿಡಿದ ಕೆರೆಗೆ ಬಿಡುತ್ತಾರೆ. ಹೊಂಡದ ದಂಡೆಯಲ್ಲಿ ಮೊಣಕಾಲ ನೀರಿಗಿಳಿದು ನಿಂತು ಸ್ಟೀಲ್ ತಟ್ಟೆ ಬಡಿದು "ಬರ್ರೆಪಾ, ಊಟಕ್ಕ ಬರ್ರಿ" ಎಂದರೆ ಸಾಕು, ಮರಿಗಳೆಲ್ಲ ಬೀಗರ ಪಂಕ್ತಿಯಂತೆ ಬಾಯಿ ತೆರೆದು ನಿಲ್ಲುತ್ತಿದ್ದವು. ತವುಡು, ಶೇಂಗಾ ಹಿಂಡಿ! ಇನ್ನೇನು ಬೇಕು?

ಹೋದ ವರ್ಷ ಕೆರೆಗೆ ಬಿಟ್ಟಾಗ ಫಜೀತಿಯಾಯಿತು. ಮರಿಗಳು ಆಳಕ್ಕೆ ಹೋಗಲೇ ಇಲ್ಲ. ದಂಡೆಯಲ್ಲೇ ಬಾಯಿ ತೆರೆದು ತವುಡಿಗಾಗಿ ಕಾದವು. ಅಷ್ಟರಲ್ಲಿ ಕೊಕ್ಕರೆಗಳು ಬಂದವು. ನೀರಿನಲ್ಲಿ ಎರಡು ಕಾಲು ಕಂಡದ್ದೇ ತಡ, ಮಾವನೇ ಬಂದರೆಂದು ಮರಿಗಳು ಓಡೋಡಿ ಹೋಗಿ ಆ ಕಾಲ ಬುಡದಲ್ಲಿ ನೆರೆದವು! ಕೊಕ್ಕರೆಗಳಿಗೆ ಕುತ್ತಿಗೆ ಬಗ್ಗಿಸುವುದಷ್ಟೇ ಕೆಲಸ. ಮಾವ ಅಂದು ಊಟ ಮಾಡಲಿಲ್ಲ. "ನಾನ ಕೆಡಿಸಿದೆ ಅವನ್ನ" ಎಂದರು.

ಈ ವರ್ಷ ಹೊಸ ಮರಿಗಳಿಗೆ ಪಾಠ ಶುರುವಾಯಿತು.

"ಡಿಗ್ರಿ ಅಳಿಯಾ, ನಿಮ್ಮ ಕಾಲೇಜಿನಾಗ ಹೆದರಿಕಿ ಪಾಠ ಇತ್ತೇನ್?"

"ಪಾಠ ಇರ್ಲಿಲ್ಲ ಮಾವ, ಪರೀಕ್ಷಾ ಇತ್ತು."

ಮಾವ ಬಿಳಿ ಪಂಚೆ ಮೈತುಂಬ ಹೊದ್ದು, ಅತ್ತೆಯ ಇಕ್ಕಳವನ್ನು ಕೊಕ್ಕಿನಂತೆ ಹಿಡಿದು, ಹೊಂಡದಲ್ಲಿ ಒಂಟಿಕಾಲಲ್ಲಿ ನಿಂತರು. ದಾರಿಯಲ್ಲಿ ಹೋಗುತ್ತಿದ್ದ ಆಟೋದವನು ಗಾಡಿ ನಿಲ್ಲಿಸಿ ಕೇಳಿದ:

"ಯಜಮಾನ್ರ, ಯಾವ ದೇವ್ರ ಹರಕಿ ರೀ?"

"ಸುಮ್ನ ಹೋಗಪಾ! ನಾ ಈಗ ಕೊಕ್ಕರಿ ಅದೀನಿ."

ದಂಡೆಯಿಂದ ಅತ್ತೆ ನನಗೆ ಹೇಳಿದರು: "ಮನ್ಯಾಗ ಎರಡ್ ಕಾಲ್ ಮ್ಯಾಲ ನಿಂತು ಒಂದ್ ಕೆಲಸ ಮಾಡ್ಲಿಲ್ಲ. ಇಲ್ಲಿ ಒಂದ ಕಾಲ್ ಮ್ಯಾಲ ನಿಂತಾರ ನೋಡು!"

ಮೊದಲ ದಿನ ಮರಿಗಳು ಬಂದು ಕೊಕ್ಕರೆಯ ಹೆಬ್ಬೆರಳಿಗೆ ಮುತ್ತಿಟ್ಟವು. ಕೊಕ್ಕರೆ ಕಚಗುಳಿ ತಾಳದೆ ನಕ್ಕು ನೀರಿಗೆ ಬಿತ್ತು! ಆಮೇಲೆ ಮಾವ ಮನಸ್ಸು ಕಲ್ಲು ಮಾಡಿಕೊಂಡರು. ತಟ್ಟೆ ಬಡಿಯುವುದು, ಮರಿಗಳು ಬಂದೊಡನೆ ಇಕ್ಕಳದಿಂದ ನೀರು ಚುಚ್ಚಿ ಅಟ್ಟುವುದು. ತವುಡು ಹಾಕುವ ಕೆಲಸ ಅತ್ತೆಗೆ; ಅದೂ ಆಚೆ ದಂಡೆಯಲ್ಲಿ, ಸದ್ದಿಲ್ಲದೆ, ಗಿಡದ ಮರೆಯಿಂದ. ತಾವೇ ಸಾಕಿದ ಮರಿಗಳು ತಮ್ಮನ್ನು ಕಂಡರೆ ಓಡಬೇಕೆಂದು ಯಾರಾದರೂ ಇಷ್ಟು ಕಷ್ಟಪಡುತ್ತಾರೆಯೇ?

ಮೊನ್ನೆ ಕೆರೆಗೆ ಬಿಟ್ಟೆವು. ಮಾವ ಪಂಚೆ ಹೊದ್ದು ನೀರಿಗಿಳಿದರು. ಕಾಲಿಟ್ಟದ್ದೇ ತಡ, ಮರಿಗಳು ಚೆಲ್ಲಾಪಿಲ್ಲಿ! ಒಂದೂ ಕಾಣಲಿಲ್ಲ.

"ಪಾಸಾದ್ವಲೇ ಅಳಿಯಾ! ಎಲ್ಲಾ ಪಾಸ್!" ಎಂದು ಮಾವ ನೀರಿನಲ್ಲೇ ಕುಣಿದರು. ಅತ್ತೆಯೂ ನಕ್ಕುಬಿಟ್ಟರು.

ನಾವು ಗಾಡಿ ಹತ್ತಿದ ಮೇಲೂ ಮಾವ ಬರಲಿಲ್ಲ. ಕರೆಯಲು ಹೋದೆ. ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಆ ಸ್ಟೀಲ್ ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಬಡಿಯುತ್ತಿದ್ದರು. ಇನ್ನೊಂದು ಮುಷ್ಟಿಯಲ್ಲಿ ತವುಡಿತ್ತು.

"ಒಂದ್ ಮರಿಯಾರ ಬಂತೇನ್ ನೋಡು."

"ಇಲ್ಲ ಮಾವ."

"ಹಂಗಾದ್ರ ಬದಕ್ತಾವ ಬಿಡು" ಎಂದು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.