ಬೇಡ ಎನ್ನಲು ಕಲಿತ ನಾಲ್ಕು ದಿನ

ನನಗೆ ಬೇಡ ಎನ್ನಲು ಬರುವುದಿಲ್ಲ. ಬಾಯಿ ತೆರೆದರೆ ‘ಇರಲಿ ಬಿಡಿ’ ಎಂದೇ ಹೊರಬರುತ್ತದೆ. ಈ ಕಾಯಿಲೆಯ ಪೂರ್ತಿ ಲಾಭ ಪಡೆದವರು ನನ್ನ ಹೆಂಡತಿಯ ಅಣ್ಣ. ಅವರದು ಹಳೇ ಮರದ ಸಾಮಾನಿನ ಅಂಗಡಿ. ಅಲ್ಲಿ ಯಾರೂ ಮೂಸಿ ನೋಡದ ಸಾಮಾನೆಲ್ಲ ತಂಗಿಗೆ ಪ್ರೀತಿಯ ಉಡುಗೊರೆಯಾಗಿ ನಮ್ಮ ಮನೆಗೆ ಪಾದಾರ್ಪಣೆ ಮಾಡುತ್ತದೆ. ಕೊನೆಗೆ ಬಂದದ್ದು ಒಂದು ಬೀರು. ಅದು ಬಂದಂದಿನಿಂದ ಮಲಗುವ ಕೋಣೆಯ ಬಾಗಿಲು ಅರ್ಧವೇ ತೆರೆಯುತ್ತದೆ. ನಾನು ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡವಾಗಿ ನುಸುಳುತ್ತೇನೆ. (ಊಟಕ್ಕೆ ಮುಂಚೆ ಮಾತ್ರ. ಊಟವಾದ ಮೇಲೆ ಹಾಲಿನಲ್ಲೇ ವಾಸ.)

“ಭಾನುವಾರ ಅಣ್ಣ ಬರ್ತಾನಂತೆ. ಇನ್ನೊಂದು ಸಾಮಾನು ಒಳಗೆ ಬಂದ್ರೆ ನಾನು ಆಚೆ!” ಎಂದಳು ಹೆಂಡತಿ.

“ಮುಖಕ್ಕೆ ಹೊಡೆದ ಹಾಗೆ ಬೇಡ ಅಂದ್ರೆ ನೊಂದ್ಕೋತಾರಲ್ಲೇ...”

“ಇಂಗ್ಲಿಷಲ್ಲಿ ಹೇಳಪ್ಪಾ, ನೋವಾಗಲ್ಲ,” ಎಂದಳು ಕಾಲೇಜಿಗೆ ಹೋಗುವ ಮಗಳು.

ಪಾಠ ಶುರುವಾಯಿತು. ‘ನೋ ವೇ’ ಪ್ರಾಥಮಿಕ. ‘ನಾಟ್ ಇನ್ ಎ ಮಿಲಿಯನ್ ಇಯರ್ಸ್’ ಪ್ರೌಢ. ‘ಓವರ್ ಮೈ ಡೆಡ್ ಬಾಡಿ’ ಸ್ನಾತಕೋತ್ತರ. (ನನ್ನ ಹೆಣ ದಾಟಿಕೊಂಡು ಹೋಗಿ ಎಂದರ್ಥವಂತೆ. ಒಂದು ಬೀರು ಬೇಡ ಎನ್ನಲು ಸಾಯಲೇಬೇಕೇ ಎಂದು ಕೇಳಿ ಬೈಸಿಕೊಂಡೆ.) ನಾಲ್ಕು ದಿನ ಕನ್ನಡಿಯ ಮುಂದೆ ಘನಘೋರ ತಾಲೀಮು ನಡೆಯಿತು.

“ಅಣ್ಣನ ಮುಖ ನೋಡ್ಬೇಡಿ, ಕರಗಿಹೋಗ್ತೀರ. ಸಾಮಾನಿನ ಸುದ್ದಿ ತೆಗೆದ ತಕ್ಷಣ ಶುರುಮಾಡ್ಬಿಡಿ,” ಎಂದು ಹೆಂಡತಿ ಯುದ್ಧತಂತ್ರ ಹೇಳಿಕೊಟ್ಟಳು.

ಭಾನುವಾರ ಭಾವ ಬಂದರು, ಕೂತರು, ಕೆಮ್ಮಿದರು.

“ಭಾವ, ಆ ಬೀರು ವಿಷಯ...” ಎಂದು ಅವರೇ ಶುರುಮಾಡಿದರು.

ನಾನು ಕಣ್ಣು ಮುಚ್ಚಿಕೊಂಡೆ. “ನೋ ವೇ!”

“ಅಲ್ಲ, ಯಾರೋ ನಾಟಕದವರು ಅಂಥದ್ದೇ ಬೇಕು ಅಂತಿದಾರೆ. ವಾಪಸ್ ಒಯ್ಯೋಣ ಅಂತ ಗಾಡಿ ತಂದಿದೀನಿ...”

(ಈ ಮಾತು ನನ್ನ ಕಿವಿಗೆ ಬಿದ್ದದ್ದು ಆಮೇಲೆ, ಹೆಂಡತಿಯ ಬಾಯಿಂದ, ಹಲವಾರು ಸಲ. ಆಗ ನನಗೆ ಮುಂದಿನ ಪಾಠ ಮರೆತುಹೋದೀತೆಂಬ ಭಯವೊಂದೇ ಇತ್ತು.)

“ನಾಟ್ ಇನ್ ಎ ಮಿಲಿಯನ್ ಇಯರ್ಸ್! ಓವರ್ ಮೈ ಡೆಡ್ ಬಾಡಿ!”

ಕಣ್ಣು ಬಿಟ್ಟರೆ ಭಾವ ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಹೆಂಡತಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

“ನಾನು ಕೊಟ್ಟ ಬೀರು ಮೇಲೆ ಇಷ್ಟು ಪ್ರೀತಿನಾ ಭಾವ! ಪ್ರಾಣ ಹೋದ್ರೂ ಬಿಡಲ್ಲ ಅಂತೀರಲ್ಲ! ಇದರ ಜೋಡಿ ಇನ್ನೊಂದಿದೆ. ನಾಳೆನೇ ಕಳಿಸ್ತೀನಿ, ಅದೂ ನಿಮಗೇ!”

ಕಲಿತ ಇಂಗ್ಲಿಷೆಲ್ಲ ಖರ್ಚಾಗಿತ್ತು. “ಇರಲಿ ಬಿಡಿ ಭಾವ,” ಎಂದೆ.

ಎರಡನೇ ಬೀರು ಈಗ ಹಾಲಿನಲ್ಲಿದೆ. ಊಟದ ನಂತರ ನನಗಿದ್ದ ಏಕೈಕ ನೆಲೆಯೂ ತಪ್ಪಿತು. ಉಚ್ಚಾರಣೆ ಮಾತ್ರ ಚೆನ್ನಾಗಿತ್ತೆಂದು ಮಗಳು ಸಮಾಧಾನ ಹೇಳಿದಳು. ಅದರಿಂದ ಧೈರ್ಯ ಬಂದು ಹೆಂಡತಿಯನ್ನು ಕೇಳಿದೆ:

“ಬೇಕಾದ್ರೆ ಭಾವನ ಅಂಗಡಿಗೇ ಹೋಗಿ, ಇನ್ನೊಂದ್ಸಲ ಇಂಗ್ಲಿಷಲ್ಲಿ ಬಿಡಿಸಿ ಹೇಳಿ ಬರ್ಲೇನೇ?”

ಒಂದು ದಿನವೂ ತಾಲೀಮು ಮಾಡದ ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, ಒಂದಕ್ಷರ ತಪ್ಪದೆ ಹೇಳಿದಳು:

“ಓವರ್ ಮೈ ಡೆಡ್ ಬಾಡಿ!”